ಹಣ್ಣಿನ ರಿಪೋರ್ಟಿನಲ್ಲಿ ಗಮ್ ಯಾಕೆ ಕಾಣುವುದಿಲ್ಲ?

ವಿಜಯಪುರದ ಕಡೆಯ ದ್ರಾಕ್ಷಿಯನ್ನು ರಫ್ತಿಗೆ ಮುಂಚೆ ಲ್ಯಾಬಿಗೆ ಕಳಿಸಿದರೆ ಬರುವ ರಿಪೋರ್ಟು ಒಂದೆರಡು ಪುಟದಲ್ಲಿ ಮುಗಿಯುವುದಿಲ್ಲ. ನೂರಾರು ಕೀಟನಾಶಕ, ಶಿಲೀಂಧ್ರನಾಶಕಗಳ ಹೆಸರು ಸಾಲಾಗಿ ಇರುತ್ತವೆ. ಒಂದೊಂದರ ಮುಂದೆಯೂ ಒಂದು ಅಂಕಿ, ಇಲ್ಲವೇ 'ಎನ್‌ಡಿ', ಅಂದರೆ ಸಿಗಲಿಲ್ಲ ಅಂತ. ಎಲ್ಲ ಕಡೆ ಎನ್‌ಡಿ ಬಿದ್ದರೆ 'ರೆಸಿಡ್ಯೂ ಫ್ರೀ', ಅಂದರೆ ಔಷಧಿಯ ಉಳಿಕೆ ಇಲ್ಲ ಅಂತ ಖುಷಿ. ಆದರೆ ಅದೇ ಔಷಧಿಯ ಜೊತೆ ಬ್ಯಾರಲ್ಲಿಗೆ ಸುರಿದ ಗಮ್ಮು, ಸ್ಟಿಕ್ಕರು, ಸ್ಪ್ರೆಡರು (ಔಷಧಿ ಎಲೆಗೆ, ಹಣ್ಣಿಗೆ ಅಂಟುವಂತೆ, ಹರಡುವಂತೆ ಮಾಡುವ ದ್ರವ) ಇದೆಯಲ್ಲ, ಅದರ ಹೆಸರು ಆ ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ. ಲ್ಯಾಬಿನವರು ಅದನ್ನು ಹುಡುಕಿರುವುದೇ ಇಲ್ಲ.

ಲ್ಯಾಬು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಇದಕ್ಕೆ ನಾವು ಒಂದು ಸಲ ದೊಡ್ಡ ಬೆಲೆ ತೆತ್ತಿದ್ದೇವೆ. 2010ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಉಳಿಕೆ ಇದೆ ಅಂತ ಯುರೋಪಿನಲ್ಲಿ ಕಂಟೇನರುಗಳನ್ನು ತಡೆದು ನಿಲ್ಲಿಸಿದರು. ಬಳ್ಳಿಯ ಬೆಳವಣಿಗೆ ತಡೆಯಲು ಹೊಡೆಯುವ ರಾಸಾಯನಿಕ ಅದು. ನಮ್ಮ ದ್ರಾಕ್ಷಿ ರಿಪೋರ್ಟುಗಳೆಲ್ಲ ಸರಿಯಾಗಿಯೇ ಇದ್ದವು, ಯಾಕೆಂದರೆ ಆಗ ಪರೀಕ್ಷೆಯ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಮೇಲಾಗಿ ಅದು ನೀರಿಗೆ ಅಂಟಿಕೊಳ್ಳುವ ಜಾತಿ, ಮಾಮೂಲಿ ವಿಧಾನದಲ್ಲಿ ಹುಡುಕಿದರೂ ಕೈಗೆ ಸಿಗುವಂಥದ್ದಲ್ಲ. ಆಮೇಲೆ ಪಟ್ಟಿಗೆ ಸೇರಿತು ಅನ್ನಿ.

ಈಗ ಗಮ್ಮಿನ ವಿಷಯಕ್ಕೆ ಬರೋಣ. ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ಹೊಡೆಯುತ್ತಾರೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಆ ಮಳೆಯಲ್ಲಿ ಅದು ಗೊನೆಯ ಮೇಲೆ ನಿಲ್ಲಬೇಕಲ್ಲ, ಅದಕ್ಕೇ ಅಂಟು ಬೇಕು. ಹಿಂದೆ ರಾಳ ಮತ್ತು ಸೋಡಾ ಕುದಿಸಿ ಮಾಡಿದ ಅಂಟು ಹಾಕುತ್ತಿದ್ದರು. ಈಗ ಗೊಬ್ಬರದಂಗಡಿಯಲ್ಲಿ ಬಾಟಲಿ ಸಿಗುತ್ತದೆ. ಕೆಲವು ಬಾಟಲಿಗಳ ಮೇಲೆ 'ಪಾಲಿಮರ್ ಬೇಸ್ಡ್' ಅಂತ ಹೆಮ್ಮೆಯಿಂದಲೇ ಬರೆದಿರುತ್ತಾರೆ. ಯಾವ ಪಾಲಿಮರ್, ಎಷ್ಟು, ಏನು ಉಳಿದಿದೆ ಅಂತ ಮಾತ್ರ ಬರೆದಿರುವುದಿಲ್ಲ.

ಪಾಲಿಮರ್ ಅಂದರೆ ಮಣಿ ಪೋಣಿಸಿದ ಸರ ಅಂದುಕೊಳ್ಳಿ. ಒಂದೊಂದು ಮಣಿಯೂ ಮೊನೊಮರ್ ಅನ್ನುವ ಸಣ್ಣ ಅಣು. ಸರ ಉದ್ದವಾದಷ್ಟೂ ಅದು ಚರ್ಮದೊಳಗೆ, ಕರುಳಿನೊಳಗೆ ನುಗ್ಗುವುದು ಕಷ್ಟ. ಹೊಟ್ಟೆಗೆ ಹೋದರೂ ಹಾಗೇ ಹೊರಬರುತ್ತದೆ. ಹಾಗಾಗಿ ಸರದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ ಅನ್ನುವುದೇ ಜಗತ್ತಿನ ಹೆಚ್ಚಿನ ನಿಯಮಗಳ ನಿಲುವು. ಚಿಂತೆ ಇರುವುದು ಮೂರು ಕಡೆ: ಪೋಣಿಸದೆ ಉಳಿದ ಬಿಡಿ ಮಣಿಗಳು, ಅರ್ಧಕ್ಕೇ ನಿಂತ ಚಿಕ್ಕ ತುಂಡುಗಳು, ಮತ್ತು ತಯಾರಿಸುವಾಗ ನಡುವೆ ಹುಟ್ಟಿದ ಬೇರೆ ರಾಸಾಯನಿಕಗಳು.

ಅಮೆರಿಕದ ಪರಿಸರ ಸಂಸ್ಥೆ ಇಪಿಎ 'ಕಡಿಮೆ ಅಪಾಯದ ಪಾಲಿಮರ್' ಅನ್ನುವುದಕ್ಕೆ ಇಟ್ಟಿರುವ ಲೆಕ್ಕ ನೋಡಿ. ಸರಾಸರಿ ಅಣುತೂಕ 1,000ದಿಂದ 10,000ದ ಒಳಗಿದ್ದರೆ, 500ಕ್ಕಿಂತ ಕಡಿಮೆ ತೂಕದ ತುಂಡುಗಳು ಶೇ 10ಕ್ಕಿಂತ ಕಡಿಮೆ ಇರಬೇಕು, 1,000ಕ್ಕಿಂತ ಕಡಿಮೆ ತೂಕದವು ಶೇ 25ಕ್ಕಿಂತ ಕಡಿಮೆ. ಸರಾಸರಿ 10,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಈ ಮಿತಿಗಳು ಶೇ 2 ಮತ್ತು ಶೇ 5ಕ್ಕೆ ಇಳಿಯುತ್ತವೆ. ಗಮನಿಸಿದಿರಾ, ಇದೆಲ್ಲ ಬಾಟಲಿಯೊಳಗಿನ ಸರಕಿನ ಬಗ್ಗೆ. ಹಣ್ಣಿನ ಬಗ್ಗೆ ಒಂದು ಮಾತೂ ಇಲ್ಲ. ಅದು ಯಾಕೆ ಜಾಣತನ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಒಂದು ಉದಾಹರಣೆ ಹಿಡಿದೇ ಹೋಗೋಣ: ಪಾಲಿಆಕ್ರಿಲಮೈಡ್. ಸಿಂಪಡಣೆಯ ಹನಿ ಗಾಳಿಗೆ ಹಾರಿಹೋಗದಂತೆ, ಎಲೆಯ ಮೇಲೆ ಕೂರುವಂತೆ ಮಾಡಲು ಇದನ್ನು ಬಳಸುತ್ತಾರೆ. ಕುಡಿಯುವ ನೀರು ತಿಳಿಗೊಳಿಸಲೂ ಇದೇ, ಹೊಲದ ಮಣ್ಣು ಕೊಚ್ಚಿಹೋಗದಂತೆ ತಡೆಯಲೂ ಇದೇ. ಪಾಲಿಮರ್ ಸಾಧು. ಅದರ ಮೊನೊಮರ್ ಆಕ್ರಿಲಮೈಡ್ ಮಾತ್ರ ಸಾಧು ಅಲ್ಲ. ಅದು ನರಗಳಿಗೆ ವಿಷ, ಕೈಕಾಲು ಜೋಮು ಹಿಡಿಸುತ್ತದೆ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಇದನ್ನು '2ಎ' ಗುಂಪಿಗೆ, ಅಂದರೆ ಬಹುಶಃ ಕ್ಯಾನ್ಸರ್ ತರಬಲ್ಲದ್ದು ಅನ್ನುವ ಸಾಲಿಗೆ ಸೇರಿಸಿದೆ. ಅದಕ್ಕೇ ಅಮೆರಿಕದಲ್ಲಿ ಕುಡಿಯುವ ನೀರಿಗೆ ಬಳಸುವ ಪಾಲಿಆಕ್ರಿಲಮೈಡಿನಲ್ಲಿ ಉಳಿದ ಮೊನೊಮರ್ ಶೇ 0.05 ಮೀರಬಾರದು ಅಂತ ನಿಯಮ. ಯುರೋಪು ಸೀದಾ ನೀರಿಗೇ ಮಿತಿ ಹಾಕಿದೆ, ಲೀಟರಿಗೆ 0.1 ಮೈಕ್ರೊಗ್ರಾಂ.

ಈ ಅಣುವನ್ನು ಅಳೆಯುವುದು ಎಷ್ಟು ತಲೆನೋವು ಅನ್ನುವುದಕ್ಕೆ ಸ್ವೀಡನ್ನಿನಲ್ಲಿ ನಡೆದ ಘಟನೆಗಿಂತ ಒಳ್ಳೆಯ ಪಾಠ ಇಲ್ಲ. 1997ರಲ್ಲಿ ಅಲ್ಲಿನ ಹಲ್ಲಂಡ್‌ಸೋಸ್ ಅನ್ನುವ ಕಡೆ ರೈಲು ಸುರಂಗ ಕೊರೆಯುವಾಗ ನೀರು ಸೋರುವುದನ್ನು ತಡೆಯಲು ಆಕ್ರಿಲಮೈಡ್ ಇರುವ ರಾಸಾಯನಿಕವನ್ನು ಬಂಡೆಗೆ ಇಳಿಸಿದರು. ಅದು ಸರಿಯಾಗಿ ಗಟ್ಟಿಯಾಗದೆ ಹಳ್ಳಕ್ಕೆ ಸೇರಿತು. ಮೀನು ಸತ್ತವು, ಆ ನೀರು ಕುಡಿದ ಹಸುಗಳಿಗೆ ಕಾಲು ಸ್ವಾಧೀನ ತಪ್ಪಿತು. ಕೆಲಸಗಾರರ ರಕ್ತ ಪರೀಕ್ಷೆ ಮಾಡಿದರು. ಹೋಲಿಕೆಗೆ ಬೇಕಲ್ಲ ಅಂತ ಸುರಂಗಕ್ಕೂ ತಮಗೂ ಸಂಬಂಧವೇ ಇಲ್ಲದ ಸಾಮಾನ್ಯ ಜನರ ರಕ್ತವನ್ನೂ ಪರೀಕ್ಷಿಸಿದರು. ಅವರ ರಕ್ತದಲ್ಲೂ ಆಕ್ರಿಲಮೈಡಿನ ಗುರುತು! ಇದು ಎಲ್ಲಿಂದ ಬಂತು ಅಂತ ಬೆನ್ನು ಹತ್ತಿದವರು ಕೊನೆಗೆ ಅಡುಗೆಮನೆಗೆ ಬಂದು ಮುಟ್ಟಿದರು. ಆಲೂಗಡ್ಡೆ, ಬ್ರೆಡ್ಡಿನಂಥ ಪಿಷ್ಟದ ಪದಾರ್ಥವನ್ನು ಹೆಚ್ಚು ಕಾವಿನಲ್ಲಿ ಕರಿದರೆ, ಸುಟ್ಟರೆ ಆಕ್ರಿಲಮೈಡ್ ತಾನಾಗಿಯೇ ಹುಟ್ಟುತ್ತದೆ. 2002ರ ಏಪ್ರಿಲ್‌ನಲ್ಲಿ ಇದನ್ನು ಪ್ರಕಟಿಸಿದಾಗ ಜಗತ್ತೇ ಬೆಚ್ಚಿತು. ಇವತ್ತು ಯುರೋಪಿನಲ್ಲಿ ಆಲೂಗಡ್ಡೆ ಚಿಪ್ಸಿಗೆ ಕೆಜಿಗೆ 750 ಮೈಕ್ರೊಗ್ರಾಂ, ಹುರಿದ ಕಾಫಿಪುಡಿಗೆ 400 ಮೈಕ್ರೊಗ್ರಾಂ ಅಂತ ಗುರಿಮಟ್ಟ ಇದೆ. ನಮ್ಮ ಚಿಕ್ಕಮಗಳೂರಿನ ಕಾಫಿ ಯುರೋಪಿನಲ್ಲಿ ಹುರಿದ ಮೇಲೆ ಇದೇ ಲೆಕ್ಕಕ್ಕೆ ಬರುತ್ತದೆ, ಗಮ್ಮಿಗೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೂ.

ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳು ಅಂದಾಜಿನವು, ಆದರೆ ಅಸಂಬದ್ಧ ಅಲ್ಲ. ಎಕರೆಗೆ 200 ಲೀಟರ್ ಸಿಂಪಡಣೆ, ಲೀಟರಿಗೆ ಅರ್ಧ ಮಿಲಿ ಗಮ್ಮು. ಅಂದರೆ 100 ಮಿಲಿ. ಅದರಲ್ಲಿ ಶೇ 30ರಷ್ಟು ಪಾಲಿಆಕ್ರಿಲಮೈಡ್ ಇದೆ ಅಂದುಕೊಂಡರೆ 30 ಗ್ರಾಂ. ಮೊನೊಮರ್ ಶೇ 0.05 ಇದ್ದರೆ ಇಡೀ ಎಕರೆಗೆ 15 ಮಿಲಿಗ್ರಾಂ ಆಕ್ರಿಲಮೈಡ್. ಎಕರೆಗೆ 10 ಟನ್ ದ್ರಾಕ್ಷಿ ಬಂದು, ಒಂದು ಹನಿಯೂ ಎಲೆಗೆ, ನೆಲಕ್ಕೆ ಬೀಳದೆ ಎಲ್ಲ ಹಣ್ಣಿಗೇ ಅಂಟಿತು ಅಂದುಕೊಂಡರೂ ಕೆಜಿಗೆ 1.5 ಮೈಕ್ರೊಗ್ರಾಂ. ಈಗ ಕಳಪೆ ಮಾಲು ಅಂದುಕೊಳ್ಳಿ, ಮೊನೊಮರ್ ಶೇ 1 ಉಳಿದಿದೆ. ಆಗ ಎಕರೆಗೆ 300 ಮಿಲಿಗ್ರಾಂ, ಹಣ್ಣಿನಲ್ಲಿ ಹೆಚ್ಚೆಂದರೆ ಕೆಜಿಗೆ 30 ಮೈಕ್ರೊಗ್ರಾಂ. ನಿಜವಾಗಿ ಹಣ್ಣಿಗೆ ತಾಗುವುದು ಇದರ ಒಂದು ಪಾಲು ಮಾತ್ರ. ಮಣ್ಣಿಗೆ ಬಿದ್ದದ್ದನ್ನು ಸೂಕ್ಷ್ಮಜೀವಿಗಳು ಬೇಗ ತಿಂದು ಮುಗಿಸುತ್ತವೆ.

ಆಹಾರದಲ್ಲಿ ಆಕ್ರಿಲಮೈಡ್ ಅಳೆಯುವ ಸಾಮಾನ್ಯ ವಿಧಾನಗಳು ಭರವಸೆಯಿಂದ ಹೇಳುವುದು ಕೆಜಿಗೆ ಹತ್ತಾರು ಮೈಕ್ರೊಗ್ರಾಂ ಮಟ್ಟದವರೆಗೆ. ಅಂದರೆ ಒಳ್ಳೆಯ ಗಮ್ಮು ಹೊಡೆದ ತೋಟದ ಹಣ್ಣಿಗೂ ಎನ್‌ಡಿ, ಇಪ್ಪತ್ತು ಪಟ್ಟು ಕೆಟ್ಟ ಗಮ್ಮು ಹೊಡೆದ ತೋಟದ ಹಣ್ಣಿಗೂ ಎನ್‌ಡಿ. ದುಡ್ಡು ಕೊಟ್ಟು ಮಾಡಿಸಿದ ಪರೀಕ್ಷೆ ಎರಡರ ವ್ಯತ್ಯಾಸ ಹೇಳಲೇ ಇಲ್ಲ. ಅದೇ ಬಾಟಲಿಯನ್ನು ಪರೀಕ್ಷಿಸಿ. ಒಂದರಲ್ಲಿ ಕೆಜಿಗೆ 150 ಮಿಲಿಗ್ರಾಂ, ಇನ್ನೊಂದರಲ್ಲಿ 3,000 ಮಿಲಿಗ್ರಾಂ. ಕಣ್ಣು ಮುಚ್ಚಿಕೊಂಡರೂ ತಪ್ಪದ ವ್ಯತ್ಯಾಸ.

ನಾನು ಹೇಳಬೇಕೆಂದಿರುವುದು ಇಷ್ಟೇ: ಗಮ್ಮಿನ ಪರೀಕ್ಷೆ ಹಣ್ಣಿನಲ್ಲಿ ಅಲ್ಲ, ಬಾಟಲಿಯಲ್ಲಿ ಆಗಬೇಕು. ಹಣ್ಣು ತಿನ್ನುವವರಿಗಿಂತ ಆ ಬಾಟಲಿಯ ಮುಚ್ಚಳ ತೆಗೆದು ಬರಿಗೈಯಲ್ಲಿ ಸುರಿಯುವವರಿಗೆ ಅಪಾಯ ಜಾಸ್ತಿ. ಹಣ್ಣಿನ ರಿಪೋರ್ಟು ಅವರ ಬಗ್ಗೆ ಏನೂ ಹೇಳುವುದಿಲ್ಲ, ಅಲ್ವಾ?

ಹಣ್ಣಿನಲ್ಲಿ ಪಾಲಿಮರನ್ನೇ ಹುಡುಕಿದರೆ ಆಗುವುದಿಲ್ಲವಾ ಅಂತ ಕೇಳಬಹುದು. ಮಾಮೂಲಿ ವಿಧಾನ ಹೇಗೆ ನಡೆಯುತ್ತದೆ ನೋಡಿ. 2003ರಲ್ಲಿ ಪ್ರಕಟವಾದ 'ಕ್ವೆಚರ್ಸ್' ಅನ್ನುವ ವಿಧಾನ ಇವತ್ತು ಜಗತ್ತಿನ ಹೆಚ್ಚಿನ ಲ್ಯಾಬುಗಳಲ್ಲಿ ಇದೆ. ರುಬ್ಬಿದ ಹಣ್ಣು 10 ಗ್ರಾಂ, ಅದಕ್ಕೆ 10 ಮಿಲಿ ಅಸಿಟೋನೈಟ್ರೈಲ್ ಅನ್ನುವ ದ್ರಾವಕ, ಆಮೇಲೆ ಮೆಗ್ನೀಷಿಯಂ ಸಲ್ಫೇಟ್, ಉಪ್ಪು. ಕುಲುಕಿ, ತಿರುಗಿಸಿ, ಮೇಲೆ ನಿಂತ ದ್ರವವನ್ನು ಶುದ್ಧ ಮಾಡಿ, ಅಣುಗಳನ್ನು ತೂಕದ ಮೇಲೆ ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರಿಗೆ ಹಾಕುತ್ತಾರೆ. ಪಾಲಿಆಕ್ರಿಲಮೈಡಿನಂಥ ಉದ್ದ ಸರಗಳು ಅಸಿಟೋನೈಟ್ರೈಲಿನಲ್ಲಿ ಕರಗುವುದೇ ಇಲ್ಲ. ಮೊದಲ ಹೆಜ್ಜೆಯಲ್ಲೇ ಅವು ಗಸಿಯ ಜೊತೆ ಕೆಳಗೆ ಕೂತು ಕಸದ ಡಬ್ಬಿಗೆ ಹೋಗುತ್ತವೆ. ಯಂತ್ರ ಎಷ್ಟೇ ದುಬಾರಿಯದಾದರೂ ತನ್ನೊಳಗೆ ಬಾರದ್ದನ್ನು ತೋರಿಸುವುದಿಲ್ಲ.

ಪಾಲಿಮರಿಗೇ ಅಂತ ಬೇರೆ ದಾರಿಗಳಿವೆ. ಪೈರಾಲಿಸಿಸ್ ಅಂದರೆ ಮಾದರಿಯನ್ನು 600 ಡಿಗ್ರಿ ಆಸುಪಾಸಿನಲ್ಲಿ ಗಾಳಿ ಇಲ್ಲದೆ ಕಾಯಿಸಿ, ಒಡೆದ ಚೂರುಗಳನ್ನು ನೋಡಿ ಮೂಲ ಯಾವುದು ಅಂತ ಊಹಿಸುವುದು. ಬಾಟಲಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹಣ್ಣು, ಎಲೆ ಅಂದರೆ ಅದೂ ಪಾಲಿಮರುಗಳ ರಾಶಿಯೇ: ಸೆಲ್ಯುಲೋಸ್, ಪೆಕ್ಟಿನ್, ಲಿಗ್ನಿನ್. ಎಲ್ಲವೂ ಒಟ್ಟಿಗೆ ಒಡೆದು ಗದ್ದಲ ಎಬ್ಬಿಸುತ್ತವೆ. ಸರದ ಉದ್ದ ಅಳೆಯಲು ಜೆಲ್ ಪರ್ಮಿಯೇಷನ್ ಅನ್ನುವ ವಿಧಾನ ಇದೆ, ಅದಕ್ಕೂ ಶುದ್ಧ ಮಾಲು ಬೇಕು. ಔಷಧಿಯನ್ನು ಪಾಲಿಯೂರಿಯಾ ಸಿಪ್ಪೆಯೊಳಗೆ ತುಂಬಿದ ಸೂಕ್ಷ್ಮ ಗುಳಿಗೆಗಳನ್ನು (ಬಾಟಲಿಯ ಮೇಲೆ 'ಸಿಎಸ್' ಅಂತ ಇದ್ದರೆ ಅದೇ) ರಾಮನ್ ಸೂಕ್ಷ್ಮದರ್ಶಕದಲ್ಲಿ ಹುಡುಕಬಹುದು, ಆದರೆ ಅವು ಕೆಲವೇ ಮೈಕ್ರಾನ್ ಗಾತ್ರದವು, ಒಂದೊಂದನ್ನೇ ಎಣಿಸುತ್ತಾ ಕೂತರೆ ದಿನಕ್ಕೆ ಎಷ್ಟು ಮಾದರಿ ಮುಗಿದೀತು.

ಬಿಡಿ ಆಕ್ರಿಲಮೈಡನ್ನಾದರೂ ಸುಲಭವಾಗಿ ಹಿಡಿಯಬಹುದಾ ಅಂದರೆ ಅದೂ ಇಲ್ಲ. ಅದರ ತೂಕ ಬರೀ 71. ಯಂತ್ರ ಅದಕ್ಕೆ ಒಂದು ಪ್ರೋಟಾನ್ ಸೇರಿದ 72ರ ಅಯಾನನ್ನು ಹಿಡಿದು, ಅದು ಒಡೆದು 55 ಆಗುವುದನ್ನು ನೋಡುತ್ತದೆ. ಅಷ್ಟು ಹಗುರದ ಜಾಗದಲ್ಲಿ ಹಣ್ಣಿನ ನೂರಾರು ಸಣ್ಣಪುಟ್ಟ ಅಣುಗಳೂ ಅಡ್ಡಾಡುತ್ತಿರುತ್ತವೆ. ಅದಕ್ಕೇ ಭಾರದ ಕಾರ್ಬನ್ ಸೇರಿಸಿ ತಯಾರಿಸಿದ ಆಕ್ರಿಲಮೈಡನ್ನು ಮಾದರಿಗೆ ಮೊದಲೇ ಬೆರೆಸಿ, ಅದು 75ರಲ್ಲಿ ಎಷ್ಟು ಕಂಡಿತು ಅನ್ನುವುದರ ಆಧಾರದ ಮೇಲೆ ಲೆಕ್ಕ ಸರಿಪಡಿಸುತ್ತಾರೆ. ಇದನ್ನು ಮಾಡದೆ ಅಂಕಿ ಕೊಡುವ ಲ್ಯಾಬನ್ನು ನಾನಂತೂ ನಂಬುವುದಿಲ್ಲ.

ಇನ್ನೊಂದು ಜಗಳವೂ ಇದೆ. ಬಿಸಿಲಿಗೆ ಪಾಲಿಆಕ್ರಿಲಮೈಡ್ ಒಡೆದು ಮತ್ತೆ ಆಕ್ರಿಲಮೈಡ್ ಆಗುತ್ತದಾ? 1996-97ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಮಾಡಿದ ಪ್ರಯೋಗಗಳು ಹೌದು ಅಂದವು. ಆಮೇಲೆ 2003ರ ಹೊತ್ತಿಗೆ ಮೆಲ್ಬರ್ನ್‌ನ ರಸಾಯನ ವಿಜ್ಞಾನಿಗಳೂ ಬೇರೆ ಕೆಲವರೂ ನೋಡಿದಾಗ, ಸಾಮಾನ್ಯ ಬೆಳಕು, ಶಾಖದಲ್ಲಿ ಸರ ಬಿಚ್ಚಿ ಮೊನೊಮರ್ ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಮೊದಲೇ ಒಳಗೆ ಸಿಕ್ಕಿಕೊಂಡಿದ್ದ ಮೊನೊಮರ್ ನಿಧಾನಕ್ಕೆ ಹೊರಬಂದರೂ ಹೊಸದಾಗಿ ಹುಟ್ಟಿದ ಹಾಗೇ ಕಾಣುತ್ತದೆ. ಈ ಎರಡನ್ನು ಬೇರೆ ಮಾಡಬೇಕಾದರೂ ಶುರುವಿನಲ್ಲಿ ಬಾಟಲಿಯಲ್ಲಿ ಎಷ್ಟಿತ್ತು ಅಂತ ಗೊತ್ತಿರಬೇಕು. ಮತ್ತೆ ಬಾಟಲಿಗೇ ಬಂದೆವು.

ಪಾಲಿಆಕ್ರಿಲಮೈಡ್ ಒಂದೇ ಅಲ್ಲ. ಅಂಗಡಿಯಲ್ಲಿ 'ಸಿಲಿಕಾನ್ ಸ್ಟಿಕ್ಕರ್' ಅಂತ ಮಾರುವುದು ಟ್ರೈಸಿಲೋಕ್ಸೇನ್ ಎಥಾಕ್ಸಿಲೇಟ್. 'ನಾನ್ ಅಯಾನಿಕ್ ಸ್ಪ್ರೆಡರ್' ಅಂತ ಬರೆದಿರುವುದರಲ್ಲಿ ನೊನೈಲ್‌ಫೀನಾಲ್ ಎಥಾಕ್ಸಿಲೇಟ್ ಇರಬಹುದು. ಇವು ಪೂರ್ತಿ ಪಾಲಿಮರ್ ಅಲ್ಲ, ಎಥಿಲೀನ್ ಆಕ್ಸೈಡಿನ ತುಂಡುಗಳನ್ನು ಪೋಣಿಸಿದ ಚಿಕ್ಕ ಸರಗಳು. ಹಾಗಾಗಿ ಮಾಸ್ ಸ್ಪೆಕ್ಟ್ರೊಮೀಟರಿಗೆ ಕಾಣುತ್ತವೆ. ಎಥಿಲೀನ್ ಆಕ್ಸೈಡಿನ ಒಂದೊಂದು ತುಂಡಿನ ತೂಕ 44, ಆದ್ದರಿಂದ 44ರ ಅಂತರದಲ್ಲಿ ಸಾಲಾಗಿ ಗೆರೆಗಳು ಏಳುತ್ತವೆ. ಅನುಭವ ಇರುವವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಸಂಶೋಧಕರು ಕ್ವೆಚರ್ಸ್ ವಿಧಾನವನ್ನೇ ಬಳಸಿ ಜೇನುಗೂಡಿನಲ್ಲಿ ಈ ಸಿಲಿಕಾನ್ ಸ್ಟಿಕ್ಕರನ್ನು ಹುಡುಕಿದರು. ಪರೀಕ್ಷಿಸಿದ ಪ್ರತಿಯೊಂದು ಮೇಣದ ಮಾದರಿಯಲ್ಲೂ ಸಿಕ್ಕಿತು, ಅರ್ಧಕ್ಕಿಂತ ಹೆಚ್ಚು ಪರಾಗದಲ್ಲಿ ಸಿಕ್ಕಿತು, ಜೇನುತುಪ್ಪದಲ್ಲಿ ಸಿಗಲಿಲ್ಲ. ಅದೇ ಸಂಶೋಧಕರು ಇದನ್ನು ಉಣಿಸಿದ ಜೇನುಹುಳುಗಳು ವಾಸನೆ ಕಲಿಯುವುದರಲ್ಲಿ ಹಿಂದೆ ಬೀಳುತ್ತವೆ ಅಂತಲೂ 2012ರಲ್ಲಿ ತೋರಿಸಿದ್ದರು. ಲೇಬಲ್ಲಿನ ಮೇಲೆ ಕೆಲಸಕ್ಕೆ ಬಾರದ 'ಇತರೆ ಪದಾರ್ಥ' ಅಂತ ಬರೆದ ವಸ್ತುವಿನ ಕಥೆ ಇದು.

ಎಥಾಕ್ಸಿಲೇಟುಗಳ ಜೊತೆ ಬರುವ ನೆಂಟರೂ ಇದ್ದಾರೆ. ಎಥಿಲೀನ್ ಆಕ್ಸೈಡಿನಿಂದ ಇವನ್ನು ತಯಾರಿಸುವಾಗ 1,4-ಡಯಾಕ್ಸೇನ್ ಅನ್ನುವ ಬೇಡದ ರಾಸಾಯನಿಕ ಸ್ವಲ್ಪ ಹುಟ್ಟುತ್ತದೆ, ಎಥಿಲೀನ್ ಆಕ್ಸೈಡೂ ಚೂರು ಉಳಿಯಬಹುದು. ನೊನೈಲ್‌ಫೀನಾಲ್ ಎಥಾಕ್ಸಿಲೇಟು ಪರಿಸರದಲ್ಲಿ ಒಡೆದರೆ ನೊನೈಲ್‌ಫೀನಾಲ್ ಆಗುತ್ತದೆ, ಅದು ಹಾರ್ಮೋನ್ ಕೆಲಸಕ್ಕೆ ಅಡ್ಡಿ ಮಾಡುವ ವಸ್ತು. ಯುರೋಪು 2003ರಲ್ಲೇ ಇದರ ಬಹುತೇಕ ಬಳಕೆಗೆ ಶೇ 0.1ರ ಮಿತಿ ಹಾಕಿತು. ಗ್ಲೈಫೊಸೇಟ್ ಕಳೆನಾಶಕದ ಜೊತೆ ಬೆರೆಸುತ್ತಿದ್ದ ಟ್ಯಾಲೋ ಅಮೀನ್ ಎಥಾಕ್ಸಿಲೇಟನ್ನು 2016ರಲ್ಲಿ ನಿಷೇಧಿಸಿತು. 2021ರಲ್ಲಿ ಔಷಧಿಯ ಜೊತೆ ಬೆರೆಸಲೇಬಾರದ 144 ಪದಾರ್ಥಗಳ ಪಟ್ಟಿಯನ್ನೇ ಹೊರಡಿಸಿತು.

ನಮ್ಮಲ್ಲಿ? 1968ರ ಕೀಟನಾಶಕ ಕಾಯ್ದೆ ಅನ್ವಯಿಸುವುದು ಅದರ ಅನುಸೂಚಿಯಲ್ಲಿ ಇರುವ ವಸ್ತುಗಳಿಗೆ. ಔಷಧಿಯೊಳಗೇ ಬೆರೆಸಿದ್ದರೆ ನೋಂದಣಿಯ ಹೊತ್ತಿಗೆ ಕಂಪನಿ ಅದರ ವಿವರ ಕೊಡಬೇಕು. ಆದರೆ ಬೇರೆ ಬಾಟಲಿಯಲ್ಲಿ ಮಾರುವ ಸ್ಟಿಕ್ಕರು ಕೀಟ ಕೊಲ್ಲುವುದಿಲ್ಲ, ಗೊಬ್ಬರವೂ ಅಲ್ಲ. ಹಾಗಾಗಿ ಕೀಟನಾಶಕದ್ದು, ಗೊಬ್ಬರದ್ದು ಅಂತಿರುವ ಎರಡೂ ಕಾನೂನುಗಳ ನಡುವಿನ ಸಂದಿಯಲ್ಲಿ ಆರಾಮಾಗಿ ಕೂತಿದೆ. ಕೃಷಿ ಇಲಾಖೆಯ ಇನ್‌ಸ್ಪೆಕ್ಟರು ಅಂಗಡಿಗೆ ಬಂದು ಕೀಟನಾಶಕದ ಮಾದರಿ ಒಯ್ಯುತ್ತಾರೆ, ಯೂರಿಯಾದ ಮಾದರಿ ಒಯ್ಯುತ್ತಾರೆ, ಪಕ್ಕದಲ್ಲೇ ಇರುವ ಸ್ಟಿಕ್ಕರಿನ ಬಾಟಲಿ ಮುಟ್ಟುವುದಿಲ್ಲ. ಅವರ ತಪ್ಪಲ್ಲ, ಯಾವ ಅಳತೆಗೆ ಹೋಲಿಸಬೇಕು ಅಂತ ಅವರ ಹತ್ತಿರ ಒಂದು ಮಾನದಂಡ ಬೇಕಲ್ಲ.

ಗಮ್ಮು ಬೇರೆ ಪರೀಕ್ಷೆಗಳನ್ನೂ ಕೆಡಿಸುತ್ತದೆ, ಇದನ್ನು ಲ್ಯಾಬಿನವರು ಬಿಟ್ಟರೆ ಯಾರೂ ಮಾತಾಡುವುದಿಲ್ಲ. ಎಥಾಕ್ಸಿಲೇಟುಗಳು ಯಂತ್ರದೊಳಗೆ ಹೋದರೆ ಪಕ್ಕದ ಅಣುಗಳ ಸಂಕೇತವನ್ನು ಅಡಗಿಸಿಬಿಡುತ್ತವೆ, ಕೆಲವೊಮ್ಮೆ ಇಲ್ಲದ್ದನ್ನು ಇದ್ದಂತೆ ತೋರಿಸುವ ಗೊಂದಲವೂ ಆಗುತ್ತದೆ. 2022ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ 10 ಕೀಟನಾಶಕಗಳಲ್ಲಿ 6ರಲ್ಲಿ ಪಿಎಫ್‌ಒಎಸ್ ಅನ್ನುವ, ಪರಿಸರದಲ್ಲಿ ಕರಗಿ ಹೋಗದ ರಾಸಾಯನಿಕ ಇದೆ ಅಂದಿತು. 2023ರ ಮೇ ತಿಂಗಳಲ್ಲಿ ಇಪಿಎ ಅದೇ ಉತ್ಪನ್ನಗಳನ್ನು ಪರೀಕ್ಷಿಸಿ ಏನೂ ಇಲ್ಲ ಅಂದಿತು. ಎಣ್ಣೆ, ಸರ್ಫ್ಯಾಕ್ಟಂಟುಗಳನ್ನು (ಸ್ಪ್ರೆಡರಿನಂಥ, ಹನಿಯನ್ನು ಹರಡಿಸುವ ವಸ್ತುಗಳನ್ನು) ಮೊದಲು ತೆಗೆಯದಿದ್ದರೆ ಅಂಕಿ ನಂಬುವ ಹಾಗಿಲ್ಲ ಅನ್ನುವುದು ಆ ವಾದದ ತಿರುಳುಗಳಲ್ಲಿ ಒಂದು. ಇಪಿಎಯ ಪರೀಕ್ಷೆಯ ಬಗ್ಗೆಯೂ ಆಮೇಲೆ ತಕರಾರು ಎದ್ದಿತು. ಎರಡು ಒಳ್ಳೆಯ ಲ್ಯಾಬು, ಒಂದೇ ಸರಕು, ಎರಡು ಉತ್ತರ.

ಒಣದ್ರಾಕ್ಷಿ ಮಾಡುವವರು ಒಂದು ಮಾತು ಜಾಸ್ತಿ ಗಮನಿಸಬೇಕು. ಸುಮಾರು ನಾಲ್ಕು ಕೆಜಿ ಹಸಿ ದ್ರಾಕ್ಷಿಗೆ ಒಂದು ಕೆಜಿ ಒಣದ್ರಾಕ್ಷಿ. ನೀರು ಹೋಯಿತು, ಸಿಪ್ಪೆಯ ಮೇಲೆ ಅಂಟಿದ್ದು ಆವಿಯಾಗದಿದ್ದರೆ ಅಲ್ಲೇ ಉಳಿಯಿತು. ಅಂದರೆ ಕೆಜಿ ಲೆಕ್ಕದಲ್ಲಿ ನಾಲ್ಕು ಪಟ್ಟು. ಅದರ ಮೇಲೆ ಬೇಗ ಒಣಗಲಿ ಅಂತ ಪೊಟ್ಯಾಸಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ಬೇರೆ. ಅಡಿಕೆಗೆ ಈ ತೊಂದರೆ ಕಡಿಮೆ, ಸಿಪ್ಪೆ ಸುಲಿದು ಎಸೆಯುತ್ತೇವೆ.

ಇನ್ನು ಯುರೋಪಿನ ಕಡೆಯಿಂದ ಬರುತ್ತಿರುವುದು. 2023ರ ಸೆಪ್ಟೆಂಬರಿನಲ್ಲಿ ಅಲ್ಲಿ ಸರಕಿಗೆ ಉದ್ದೇಶಪೂರ್ವಕವಾಗಿ ಸೇರಿಸುವ ಮೈಕ್ರೊಪ್ಲಾಸ್ಟಿಕ್, ಅಂದರೆ ಪಾಲಿಮರಿನ ಸೂಕ್ಷ್ಮ ಕಣಗಳ ವಿರುದ್ಧ ನಿಯಮ ಬಂತು. ಗೊಬ್ಬರಗಳಿಗೆ 2028ರ ಅಕ್ಟೋಬರ್‌ವರೆಗೆ, ಬೆಳೆ ಸಂರಕ್ಷಣೆಯ ಔಷಧಿಗಳಿಗೆ ಮತ್ತು ಅವುಗಳನ್ನು ಲೇಪಿಸಿದ ಬೀಜಗಳಿಗೆ 2031ರ ಅಕ್ಟೋಬರ್‌ವರೆಗೆ ಗಡುವು. ಇದು ಅಲ್ಲಿ ಮಾರುವ ಸರಕಿನ ನಿಯಮ, ನಮ್ಮ ಹಣ್ಣಿಗೆ ನೇರವಾಗಿ ತಾಗುವುದಿಲ್ಲ. ಆದರೆ ಕೊಳ್ಳುವ ದೊಡ್ಡ ಸೂಪರ್ ಮಾರ್ಕೆಟ್ಟುಗಳು ಕಾನೂನಿಗಿಂತ ಮುಂಚೆಯೇ ಪ್ರಶ್ನೆ ಕೇಳುವ ಅಭ್ಯಾಸದವು.

ಅಷ್ಟರೊಳಗೆ ನಮ್ಮಲ್ಲಿ ಏನು ಸಾಧ್ಯ? ಲ್ಯಾಬಿಗೆ ಹೋಗುವವರು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮುದ್ರೆ ನೋಡಿ ಸುಮ್ನೆ ಆಗಬಾರದು. ಆ ಮಾನ್ಯತೆ ಇಡೀ ಲ್ಯಾಬಿಗೆ ಸಿಗುವುದಲ್ಲ, ಇಂಥ ವಸ್ತುವಿನಲ್ಲಿ ಇಂಥ ರಾಸಾಯನಿಕ ಅಂತ ಒಂದೊಂದಕ್ಕೂ ಬೇರೆಬೇರೆಯಾಗಿ ಸಿಗುತ್ತದೆ. ಆ 'ಸ್ಕೋಪ್' ಪಟ್ಟಿ ಎನ್‌ಎಬಿಎಲ್ ವೆಬ್‌ಸೈಟಿನಲ್ಲೇ ಇರುತ್ತದೆ, ತೆಗೆದು ಓದಿ. ಸ್ಟಿಕ್ಕರ್ ಮಾರುವವರ ಹತ್ತಿರ ಆ ಬ್ಯಾಚಿನ ಅನಾಲಿಸಿಸ್ ಸರ್ಟಿಫಿಕೇಟು ಕೇಳಿ: ಪಾಲಿಮರ್ ಯಾವುದು, ಉಳಿದ ಮೊನೊಮರ್ ಎಷ್ಟು, ಎಥಾಕ್ಸಿಲೇಟ್ ಆದರೆ ನೊನೈಲ್‌ಫೀನಾಲ್ ಇದೆಯಾ, ಡಯಾಕ್ಸೇನ್ ಎಷ್ಟು. ಒಬ್ಬ ರೈತ ಕೇಳಿದರೆ ಅಂಗಡಿಯವರು ನಗಬಹುದು. ದ್ರಾಕ್ಷಿ ಬೆಳೆಗಾರರ ಸಂಘವೋ ಅಡಿಕೆ ಸಹಕಾರಿಯೋ ಒಟ್ಟಿಗೆ ಕೊಳ್ಳುವಾಗ ಕೇಳಿದರೆ ಕೊಡಲೇಬೇಕಾಗುತ್ತದೆ.

ಸರ್ಕಾರಕ್ಕೂ ಇದು ದೊಡ್ಡ ಖರ್ಚಿನ ಕೆಲಸ ಅಲ್ಲ. ಹಣ್ಣಿನಲ್ಲಿ ಕೆಜಿಗೆ ಒಂದು ಮೈಕ್ರೊಗ್ರಾಂ ಹುಡುಕಲು ಕೋಟಿ ರೂಪಾಯಿ ಮಟ್ಟದ ಯಂತ್ರ ಬೇಕು. ಬಾಟಲಿಯಲ್ಲಿ ನೂರಾರು ಮಿಲಿಗ್ರಾಂ ಅಳೆಯಲು ನೀರು-ಮೆಥನಾಲಿನಲ್ಲಿ ಮೊನೊಮರನ್ನು ಬಿಡಿಸಿಕೊಂಡು ದ್ರವದೊಳಗಿನ ಅಣುಗಳನ್ನು ಬೇರ್ಪಡಿಸಿ ಅಳೆಯುವ ಸಾಮಾನ್ಯ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕಿದರೆ ಸಾಕು. ಡಯಾಕ್ಸೇನಿಗೆ ಮುಚ್ಚಿದ ಸೀಸೆಯನ್ನು ಕಾಯಿಸಿ ಮೇಲಿನ ಆವಿಯನ್ನು ಗ್ಯಾಸ್ ಕ್ರೊಮಾಟೊಗ್ರಾಫಿಗೆ (ಆವಿಯೊಳಗಿನ ಅಣುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರಕ್ಕೆ) ಕೊಟ್ಟರಾಯಿತು. ಈ ಎರಡೂ ಯಂತ್ರಗಳು ಕೀಟನಾಶಕದ ಗುಣಮಟ್ಟ ನೋಡುವ ಲ್ಯಾಬುಗಳಲ್ಲಿ ದಿನಾ ಓಡುವಂಥವೇ. ಇನ್‌ಸ್ಪೆಕ್ಟರು ಒಯ್ಯುವ ಮಾದರಿಗಳ ಪಟ್ಟಿಗೆ ಆ ಬಾಟಲಿಯನ್ನೂ ಸೇರಿಸಲು ಬೇಕಾಗಿರುವುದು ಒಂದು ಅಧಿಸೂಚನೆ, ಅದರಲ್ಲಿ ನಾಲ್ಕೈದು ಮಿತಿಗಳು.